ಹೆಡ್‌ಫೋನ್ ಆಂಪ್ಲಿಫೈಯರ್ ಗುಂಯ್‌ಗುಡುತ್ತಿದ್ದರೆ ಎಲ್ಲಿಂದ ಹುಡುಕಬೇಕು

ನಮ್ಮ ಅಪ್ಪಯ್ಯನಿಗೆ ಆಟದ, ಅಂದರೆ ಯಕ್ಷಗಾನದ, ಹುಚ್ಚು. ಶಿರಸಿ ಸುತ್ತಮುತ್ತ ಎಲ್ಲಿ ಯಕ್ಷಗಾನ ಇದ್ದರೂ ಟೇಪ್ ರೆಕಾರ್ಡರ್ ಹೊತ್ತು ಹೋಗಿ, ಭಾಗವತರ ಎದುರು ಕೂತು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಆ ಕ್ಯಾಸೆಟ್‌ಗಳು ಈಗ ನನ್ನ ಹತ್ತಿರ ಇವೆ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಬಾಡಿಗೆ ಮನೆ. ರಾತ್ರಿ ಹತ್ತರ ಮೇಲೆ ಚಂಡೆ ಕೇಳಬೇಕೆಂದರೆ ಹೆಡ್‌ಫೋನ್ ಬೇಕೇ ಬೇಕು. ಹಾಗಾಗಿ ಸಣ್ಣದೊಂದು ಆಂಪ್ಲಿಫೈಯರ್ ನಾನೇ ಕಟ್ಟಿದೆ. ಚು ಮೊಯ್ ಎಂಬವರು ರೂಪಿಸಿದ, ಹವ್ಯಾಸಿಗಳೆಲ್ಲ ಮೊದಲು ಕಟ್ಟುವ ಸಿ-ಮೊಯ್ ಸರ್ಕ್ಯೂಟ್ ಅದು. ಸದ್ದು ದೊಡ್ಡದು ಮಾಡುವ ಒಂದು ಚಿಪ್ (ಐಸಿ), ಹತ್ತಿಪ್ಪತ್ತು ಬಿಡಿ ಭಾಗ, ಅಷ್ಟೇ.

ಮೊದಲ ರಾತ್ರಿ ಹಾರ್ಮೋನಿಯಂ ಶ್ರುತಿಯ ಕೆಳಗೆ ಇನ್ನೊಂದು ಶ್ರುತಿ ಕೇಳಿಸಿತು. ಅದು ಆಟದ್ದಲ್ಲ, ನನ್ನ ಡಬ್ಬಿಯದು. ಪದ್ಯ ಎತ್ತುವ ಮುಂಚೆ ಭಾಗವತರು ಉಸಿರು ತೆಗೆದುಕೊಳ್ಳುವ ಒಂದು ಕ್ಷಣ ಇರುತ್ತದಲ್ಲ, ಆ ಕ್ಷಣವನ್ನು ಗುಂಯ್ ಎನ್ನುವ ಸದ್ದು ನುಂಗಿ ಹಾಕುತ್ತಿತ್ತು. ಅದನ್ನು ಬಿಡಿಸಲು ನನಗೆ ಒಂದು ಮಳೆಗಾಲ ಮತ್ತು ಅರ್ಧ ಬೇಸಿಗೆ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು: ಸೋಲ್ಡರಿಂಗ್ ಐರನ್ ಬಿಸಿಗಿಡಬೇಡಿ. ಸದ್ದು ಬಂತು ಎಂದ ಕೂಡಲೇ ಕೆಪಾಸಿಟರ್ ಬದಲಿಸುವುದು, ಐಸಿ ಬದಲಿಸುವುದು, ವೈರ್ ಕಿತ್ತು ಹಾಕುವುದು, ಇದರಿಂದ ಹೊಸ ತೊಂದರೆಗಳು ಸೇರಿಕೊಳ್ಳುತ್ತವೆ. ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಗೊತ್ತಾಗುವವರೆಗೆ ಕಿವಿ ಮಾತ್ರ ಕೆಲಸ ಮಾಡಲಿ. ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ.

ಇನ್ನೊಂದು. ಒಳ್ಳೆಯ ಹೆಡ್‌ಫೋನ್ ಚುಚ್ಚುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ, ಅಂದರೆ ಹಾಡಿಲ್ಲದಾಗಲೂ ಒಂದೇ ಕಡೆಗೆ ನಿಂತಿರುವ ವೋಲ್ಟೇಜ್, ಎಷ್ಟಿದೆ ನೋಡಿ. ಮಲ್ಟಿಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಟ್ಟು, ಜಾಕ್‌ನ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದು) ಮತ್ತು ಎಡಕ್ಕೆ ಒಮ್ಮೆ, ಗ್ರೌಂಡ್ ಮತ್ತು ಬಲಕ್ಕೆ ಒಮ್ಮೆ ಹಿಡಿಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 50 ದಾಟಿದರೆ ಹೆಡ್‌ಫೋನ್ ಹಾಕಬೇಡಿ. ನನ್ನದರಲ್ಲಿ ಮೀಟರ್ ಅಳತೆ ಮೀರಿ 1 ಎಂದು ತೋರಿಸಿ ನಿಂತಿತು. 2 ವೋಲ್ಟ್ ರೇಂಜಿಗೆ ತಿರುಗಿಸಿದಾಗ ಮೈನಸ್ 0.21. ಕಾರಣ ಸರಳ. ನಾನು ಹಾಕಿದ್ದು ಎನ್‌ಇ 5532 ಎಂಬ ಐಸಿ. ಅದರ ಇನ್‌ಪುಟ್ ಸಾಮಾನ್ಯವಾಗಿ 200 ನ್ಯಾನೋ ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ಇನ್‌ಪುಟ್‌ನಿಂದ ಗ್ರೌಂಡಿಗೆ ನಾನು ಇಟ್ಟಿದ್ದು 100 ಕಿಲೋ ಓಮ್ ರೆಸಿಸ್ಟರ್. ಎರಡನ್ನೂ ಗುಣಿಸಿದರೆ 20 ಮಿಲಿವೋಲ್ಟ್. ಸರ್ಕ್ಯೂಟ್ ಅದನ್ನು 11 ಪಟ್ಟು ಮಾಡಿ ಹೊರಗೆ ಕೊಡುತ್ತಿತ್ತು. ಅದರ ಜಾಗಕ್ಕೆ ಒಪಿಎ 2134 ಎಂಬ ಐಸಿ ಹಾಕಿದ ಮೇಲೆ 3 ಮಿಲಿವೋಲ್ಟ್‌ಗೆ ಇಳಿಯಿತು, ಅದರ ಇನ್‌ಪುಟ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು. 5532 ಕೆಟ್ಟ ಐಸಿ ಅಲ್ಲ, ಬಹಳ ಒಳ್ಳೆಯದು. ಆದರೆ ಅದನ್ನು ಹಾಕುವುದಾದರೆ ಆ 100 ಕಿಲೋ ಓಮ್ ಜಾಗಕ್ಕೆ ಕಡಿಮೆಯದು ಬೇಕು. ಕಡಿಮೆ ಮಾಡಿದಾಗ ಅದರ ಮುಂದಿರುವ ಕೆಪಾಸಿಟರನ್ನು ಅಷ್ಟೇ ದೊಡ್ಡದು ಮಾಡಿ, ಇಲ್ಲದಿದ್ದರೆ ಮದ್ದಳೆಯ ತುಂಬು ಸ್ವರ ತೆಳುವಾಗುತ್ತದೆ. ಪರೀಕ್ಷೆಗೆಲ್ಲ ಹಳೆಯ ಇಯರ್‌ಫೋನ್ ಒಂದನ್ನು ಇಟ್ಟುಕೊಳ್ಳಿ.

ಈಗ ಸದ್ದಿಗೆ ಹೆಸರಿಡಿ. ಇದು ತುಂಬಾ ಮುಖ್ಯ. ದಪ್ಪಗೆ, ಮೆತ್ತಗೆ "ಊಂ" ಎಂದರೆ ಅದು 50 ಹರ್ಟ್ಜ್, ಕರೆಂಟಿನ ಮೂಲ ಸ್ವರ. ಯಾವುದೋ ವೈರ್ ಗಾಳಿಯಿಂದ ಹಿಡಿಯುತ್ತಿದೆ ಅಥವಾ ಗ್ರೌಂಡ್ ಎರಡು ದಾರಿಯಲ್ಲಿ ಸುತ್ತು ಹಾಕಿದೆ. ಅದರ ದುಪ್ಪಟ್ಟು ಎತ್ತರದ, ಸ್ವಲ್ಪ ಒರಟಾದ "ಝೊಂಯ್" 100 ಹರ್ಟ್ಜ್. ಅದು ನಿಮ್ಮ ಪವರ್ ಸಪ್ಲೈಯದು. ಡಯೋಡ್‌ಗಳು ಎಸಿಯ ಎರಡೂ ಮಗ್ಗುಲನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಸೆಕೆಂಡಿಗೆ 50 ಇದ್ದದ್ದು 100 ಆಗುತ್ತದೆ. ಮಳೆ ಹನಿಯಂತೆ "ಸುಯ್" ಎಂದರೆ ಐಸಿ, ರೆಸಿಸ್ಟರ್ ಅಥವಾ ಕ್ಯಾಸೆಟ್. "ಚರಚರ" ಎಂದರೆ ಕೊಳೆ, ತೇವ, ಸಡಿಲ ಬೆಸುಗೆ. ಸಣ್ಣಗೆ "ಕೀಂ" ಎಂದರೆ ಹೆಚ್ಚಾಗಿ ಚಾರ್ಜರ್. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 50 ಮತ್ತು 100 ಹರ್ಟ್ಜ್ ಸದ್ದನ್ನು ಇಯರ್‌ಫೋನ್‌ನಲ್ಲಿ ಬೇರೆ ಬೇರೆಯಾಗಿ ಕೇಳಿ. ಐದು ನಿಮಿಷದಲ್ಲಿ ಕಿವಿ ಪಳಗುತ್ತದೆ. ಕಿವಿಯನ್ನೇ ಯಾಕೆ ಹೇಳುತ್ತೇನೆ ಎಂದರೆ, ನಮ್ಮ ಬಳಿ ಇರುವ ಅಗ್ಗದ ಮೀಟರ್‌ಗಳಲ್ಲಿ ಎಸಿ ಅಳತೆ 200 ವೋಲ್ಟ್ ರೇಂಜಿನಿಂದ ಶುರುವಾಗುತ್ತದೆ. ಒಂದೆರಡು ಮಿಲಿವೋಲ್ಟ್ ಗುಂಯ್ ಅದಕ್ಕೆ ಕಾಣುವುದೇ ಇಲ್ಲ. ಕಿವಿಗೆ ಚೆನ್ನಾಗಿ ಕೇಳುತ್ತದೆ.

ಹೆಸರಿಟ್ಟ ಮೇಲೆ ಸರ್ಕ್ಯೂಟನ್ನು ಅರ್ಧ ಅರ್ಧ ಮಾಡುತ್ತಾ ಹೋಗಿ. ಇದಕ್ಕೆ ಒಂದು ಚಿಕ್ಕ ಸಲಕರಣೆ ಬೇಕು. 3.5 ಮಿಲಿಮೀಟರ್ ಪ್ಲಗ್ ಒಂದನ್ನು ಬಿಚ್ಚಿ, ಒಳಗಿನ ಮೂರೂ ಕಾಲುಗಳನ್ನು ಒಂದೇ ತುಂಡು ವೈರಿನಿಂದ ಸೇರಿಸಿ ಬೆಸುಗೆ ಹಾಕಿ. ಈ ಶಾರ್ಟ್ ಪ್ಲಗನ್ನು ಇನ್‌ಪುಟ್‌ಗೆ ಚುಚ್ಚಿದರೆ ಹೊರಗಿನಿಂದ ಏನೂ ಬರುವುದಿಲ್ಲ, ಇನ್‌ಪುಟ್ ಪೂರ್ತಿ ಮೌನ. ಆಗಲೂ ಗುಂಯ್ ಇದ್ದರೆ ತೊಂದರೆ ಡಬ್ಬಿಯ ಒಳಗೇ ಇದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್, ಟೇಪ್ ಅಥವಾ ನಡುವಿನ ಕೇಬಲ್‌ನದು. ಇನ್ನು ವಾಲ್ಯೂಮ್ ತಿರುಗಿಸಿ. ಸದ್ದು ವಾಲ್ಯೂಮ್ ಜೊತೆ ಏರಿಳಿಯುತ್ತಿದ್ದರೆ ಅದು ವಾಲ್ಯೂಮ್‌ನ ಮುಂಚೆಯೇ ಸೇರಿದೆ. ಸೊನ್ನೆಗೆ ತಂದರೂ ಹಾಗೇ ಇದ್ದರೆ ಅದರ ನಂತರ ಸೇರಿದೆ. ಕರೆಂಟ್ ತೆಗೆದು, ಐಸಿಯನ್ನು ಬೇಸ್‌ನಿಂದ ಕಿತ್ತು, ಮತ್ತೆ ಕರೆಂಟ್ ಕೊಟ್ಟು ಕೇಳಿ. ಐಸಿ ಇಲ್ಲದೆಯೂ ಗುಂಯ್ ಎಂದರೆ ಔಟ್‌ಪುಟ್ ಜಾಕ್‌ನ ಗ್ರೌಂಡ್ ವೈರ್ ತಪ್ಪು ಜಾಗದಲ್ಲಿ ಕೂತಿದೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಹುಡುಕುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ಎರಡು 9 ವೋಲ್ಟ್ ಬ್ಯಾಟರಿಯದು. ಪವರ್ ಸಪ್ಲೈ ಬಿಡಿಸಿ, ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವಿನ ಸಂದನ್ನು ಗ್ರೌಂಡಿಗೆ ಕೊಡಿ. ಪ್ಲಸ್ ಐಸಿಯ 8ನೇ ಕಾಲಿಗೆ, ಮೈನಸ್ 4ನೇ ಕಾಲಿಗೆ. ಬ್ಯಾಟರಿಯಲ್ಲಿ ಶಾಂತ, ಕರೆಂಟಿನಲ್ಲಿ ಗುಂಯ್ ಎಂದಾದರೆ ಆಂಪ್ಲಿಫೈಯರ್ ಭಾಗ ಸರಿಯಿದೆ. ಪವರ್ ಕಡೆ ಮಾತ್ರ ನೋಡಿದರೆ ಸಾಕು.

ನನ್ನದು ಬ್ಯಾಟರಿಯಲ್ಲಿ ಪೂರ್ತಿ ಶಾಂತವಾಗಿತ್ತು. ಆ ಮೌನ ಕೇಳಿದಾಗ ಆದ ಖುಷಿ ಹೇಳಲಾರೆ. ಹಾಗಾದರೆ ತಪ್ಪು ಪವರ್ ಸಪ್ಲೈಯಲ್ಲಿ. ಸದ್ದೂ 100 ಹರ್ಟ್ಜ್‌ನದೇ. ಡಯೋಡ್ ದಾಟಿದ ಅಲೆಯನ್ನು ಸಪಾಟು ಮಾಡುವ ಫಿಲ್ಟರ್ ಕೆಪಾಸಿಟರ್ 2200 ಮೈಕ್ರೋಫ್ಯಾರಡ್ ಇದ್ದದ್ದನ್ನು 4700 ಮಾಡಿದೆ. ಸದ್ದು ಕಮ್ಮಿ ಆಗಲಿಲ್ಲ, ಉಲ್ಟಾ ಇನ್ನೂ ಚೂಪಾಯಿತು. ಅದೇ ಸುಳಿವು.

ಏನಾಗಿತ್ತು ಎಂದರೆ, ಟ್ರಾನ್ಸ್‌ಫಾರ್ಮರಿನ ನಡುವಿನ ವೈರ್ ಬೋರ್ಡಿಗೆ ಬಂದು, ಅಲ್ಲಿಂದ ಸುಮಾರು ಎರಡು ಬೆರಳು ದೂರ ಹೋಗಿ, ಎರಡು ದೊಡ್ಡ ಕೆಪಾಸಿಟರ್‌ಗಳ ಸಂದಿಗೆ ಸೇರುತ್ತಿತ್ತು. ಆ ಎರಡು ಬೆರಳಿನ ದಾರಿಯ ನಡುವೆ ಎಲ್ಲೋ ನಾನು ಇನ್‌ಪುಟ್‌ನ ಗ್ರೌಂಡ್ ಬೆಸೆದಿದ್ದೆ. ಮೀಟರಿನ ಬೀಪ್ ಇಟ್ಟು ನೋಡಿದರೆ ಎಲ್ಲಾ ಒಂದೇ ಗ್ರೌಂಡ್, ಎಲ್ಲಿ ಮುಟ್ಟಿದರೂ ಬೀಪ್. ಆದರೆ ಆ ತುಂಡು ದಾರಿಯಲ್ಲಿ ಕರೆಂಟ್ ಸಮನಾಗಿ ಹರಿಯುವುದಿಲ್ಲ. ಅಲೆಯ ತುದಿ ಬಂದಾಗ ಮಾತ್ರ ಡಯೋಡ್ ಬಾಗಿಲು ತೆಗೆಯುತ್ತದೆ, ಆಗ ಕೆಪಾಸಿಟರ್ ಧಡಕ್ಕನೆ ತುಂಬಿಕೊಳ್ಳುತ್ತದೆ. ಸೆಕೆಂಡಿಗೆ 100 ಸಲ ಹೀಗೆ ನುಗ್ಗು. ಕೆಪಾಸಿಟರ್ ದೊಡ್ಡದಾದಷ್ಟೂ ನುಗ್ಗು ಚೂಪು. ವೈರಿಗೂ ಚೂರು ಪ್ರತಿರೋಧ ಇದ್ದೇ ಇದೆ, ಹಾಗಾಗಿ ಪ್ರತಿ ನುಗ್ಗಿಗೂ ಅಲ್ಲಿ ಒಂದಿಷ್ಟು ವೋಲ್ಟ್ ಹುಟ್ಟುತ್ತದೆ. ಹೊಳೆ ನೀರು ಧುಮುಕುವ ಜಾಗದಲ್ಲಿ ಕೊಡ ಹಿಡಿದರೆ ಕೆಸರು ಬರುತ್ತದೆ, ಕೆಳಗಿನ ಮಡುವಿನಲ್ಲಿ ಹಿಡಿದರೆ ತಿಳಿನೀರು. ಇಲ್ಲಿಯೂ ಹಾಗೆ. ಇನ್‌ಪುಟ್ ಗ್ರೌಂಡ್ ವೈರನ್ನು ಕಿತ್ತು, ಕೆಪಾಸಿಟರ್ ಸಂದಿನಿಂದ ಆಚೆಗೆ, ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಭಾಗ) ದಾಟಿದ ಮೇಲೆ ಒಂದು ಬಿಂದು ಗೊತ್ತು ಮಾಡಿ ಅಲ್ಲಿ ಬೆಸೆದೆ. ಹೆಡ್‌ಫೋನ್ ಜಾಕ್‌ನ ಗ್ರೌಂಡ್, ವಾಲ್ಯೂಮ್ ಗ್ರೌಂಡ್, ಡಬ್ಬಿಯ ಗ್ರೌಂಡ್ ಎಲ್ಲವೂ ಬೇರೆ ಬೇರೆ ವೈರಿನಲ್ಲಿ ಅದೇ ಬಿಂದುವಿಗೆ ಬಂದವು. ಗುಂಯ್ ನಿಂತಿತು. ಒಂದು ಭಾಗವನ್ನೂ ಹೊಸದಾಗಿ ಕೊಳ್ಳಲಿಲ್ಲ. ಒಂದು ವೈರ್ ಎರಡು ಬೆರಳು ಸರಿಯಿತು, ಅಷ್ಟೇ.

ಟ್ರಾನ್ಸ್‌ಫಾರ್ಮರ್ ಡಬ್ಬಿಯ ಒಳಗೇ ಇದ್ದರೆ ಅದನ್ನು ತಕ್ಷಣ ಸ್ಕ್ರೂ ಹಾಕಿ ಕೂರಿಸಬೇಡಿ. 230 ವೋಲ್ಟ್ ಬರುವ ಎಲ್ಲಾ ಸಂದುಗಳಿಗೆ ಸ್ಲೀವ್ ಹಾಕಿ ಮುಚ್ಚಿ, ವೈರ್ ಸ್ವಲ್ಪ ಉದ್ದ ಬಿಟ್ಟು, ಕರೆಂಟ್ ತೆಗೆದು ಒಂದು ಮೂಲೆಯಲ್ಲಿ ಇಡಿ, ಕೊಟ್ಟು ಕೇಳಿ. ಮತ್ತೆ ತೆಗೆದು ಕಾಲು ಸುತ್ತು ತಿರುಗಿಸಿ ಕೇಳಿ. ಯಾವುದೋ ಒಂದು ಮಗ್ಗುಲಿಗೆ ಸದ್ದು ತಟ್ಟನೆ ಇಳಿಯುತ್ತದೆ. ಅಲ್ಲೇ ಕೂರಿಸಿ. ಅಲ್ಯುಮಿನಿಯಂ ಡಬ್ಬಿ 50 ಹರ್ಟ್ಜ್‌ನ ಅಯಸ್ಕಾಂತ ಅಲೆಯನ್ನು ತಡೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮತ್ತು ಬೋರ್ಡಿನ ನಡುವೆ ಅಯಸ್ಕಾಂತ ಹಿಡಿಯುವ ಕಬ್ಬಿಣದ ತಗಡು ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ದೂರ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಡಬ್ಬಿಯನ್ನು ಊರಿಗೆ ಒಯ್ದೆ, ಅಪ್ಪಯ್ಯನಿಗೆ ಕೇಳಿಸೋಣ ಎಂದು. ಮಧ್ಯಾಹ್ನ ಚೆನ್ನಾಗಿತ್ತು. ಸಂಜೆ ಏಳಕ್ಕೆ ಹಾಕಿದರೆ ಮತ್ತೆ ಝೊಂಯ್! ಒಂಬತ್ತರ ಮೇಲೆ ತಾನಾಗಿಯೇ ಹೋಯಿತು. ಮರುದಿನವೂ ಅದೇ ಹೊತ್ತಿಗೆ ಶುರು. ನಾನು ಬೋರ್ಡ್ ಬಿಚ್ಚಿ ಕೂತಿದ್ದೆ, ಆಯಿ ಒಳಗಿನಿಂದ ಬಂದವಳು ಜಗಲಿಯ ಬಲ್ಬ್ ನೋಡಿ, "ತಮಾ, ಲೈಟು ಕೆಂಪಾಯ್ದು ನೋಡು. ಎಲ್ಲರ ಪಂಪೂ ಶುರುವಾತು ಕಾಣ್ತು" ಎಂದಳು.

ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತು. ನಮ್ಮ ಮನೆ ಲೈನಿನ ತುದಿಯಲ್ಲಿದೆ. ಪ್ಲಗ್‌ನಲ್ಲಿ ಅಳೆದರೆ 175 ವೋಲ್ಟ್. ಈಗ ಲೆಕ್ಕ ನೋಡಿ. ನನ್ನದು 12-0-12 ಟ್ರಾನ್ಸ್‌ಫಾರ್ಮರ್, ನಡುವಿನ ವೈರಿನಿಂದ ಎರಡೂ ಕಡೆಗೆ 12 ವೋಲ್ಟ್ ಎಸಿ ಕೊಡುವಂಥದ್ದು. 230 ಇದ್ದಾಗ ಕೆಪಾಸಿಟರ್ ಮೇಲೆ 16 ವೋಲ್ಟ್ ನಿಲ್ಲುತ್ತದೆ, 7812 ರೆಗ್ಯುಲೇಟರ್ ಅದನ್ನು ಸವರಿ ನೇರ 12 ಮಾಡುತ್ತದೆ. ಆದರೆ ಅದಕ್ಕೆ ಕೆಲಸ ಮಾಡಲು ಒಳಗೆ ಬರುವ ವೋಲ್ಟೇಜ್ ಹೊರಗಿನದಕ್ಕಿಂತ ಸುಮಾರು 2 ವೋಲ್ಟ್ ಜಾಸ್ತಿ ಬೇಕು, ಅಂದರೆ 14. ಪ್ಲಗ್‌ನಲ್ಲಿ 175ಕ್ಕೆ ಇಳಿದಾಗ ಕೆಪಾಸಿಟರ್ ಮೇಲೆ ನನಗೆ ಸಿಕ್ಕಿದ್ದು 13 ಸಹ ಇಲ್ಲ. ರೆಗ್ಯುಲೇಟರ್ ಕೈಬಿಟ್ಟಿತು, 100 ಹರ್ಟ್ಜ್‌ನ ಅಲೆ ನೇರ ಐಸಿಗೆ ಹೋಯಿತು. ಟ್ರಾನ್ಸ್‌ಫಾರ್ಮರನ್ನು 15-0-15 ಮಾಡಿದೆ, 175ರಲ್ಲೂ 15ರ ಮೇಲೆ ಉಳಿಯುತ್ತದೆ. ಇದನ್ನು ಮಾಡುವಾಗ ಕೆಪಾಸಿಟರ್ 25 ವೋಲ್ಟಿನದಿದ್ದರೆ 35 ವೋಲ್ಟಿನದಕ್ಕೆ ಬದಲಿಸಲೇಬೇಕು, ಯಾಕೆಂದರೆ ರಾತ್ರಿ ಕರೆಂಟ್ ಏರಿದಾಗ ಅಲ್ಲಿ 20 ದಾಟುತ್ತದೆ. ಮೈನಸ್ 12 ಕೊಡುವ ರೆಗ್ಯುಲೇಟರ್ 7912ರ ಕಾಲುಗಳ ಕ್ರಮ 7812ರಂತೆ ಅಲ್ಲ ಎನ್ನುವುದೂ ನೆನಪಿರಲಿ. 7812ರಲ್ಲಿ ಮೊದಲ ಕಾಲು ಇನ್‌ಪುಟ್, ನಡುವಿನದು ಗ್ರೌಂಡ್. 7912ರಲ್ಲಿ ಮೊದಲನೆಯದು ಗ್ರೌಂಡ್, ನಡುವಿನದು ಇನ್‌ಪುಟ್. ಅದರ ಬೆನ್ನಿನ ಲೋಹವೂ ಇನ್‌ಪುಟ್‌ಗೇ ಸೇರಿದೆ, ಡಬ್ಬಿಗೆ ತಾಗಬಾರದು.

ಹಳ್ಳಿಯಲ್ಲಿ ಕಟ್ಟುವವರು ದಯವಿಟ್ಟು ಸಂಜೆ ಹೊತ್ತು ಒಮ್ಮೆ ಪ್ಲಗ್ ಅಳೆದು ಆಮೇಲೆ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಮೀಟರ್ ಕಡ್ಡಿಯ ಲೋಹದ ತುದಿಗೆ ಬೆರಳು ತಾಗದಂತೆ ಹಿಡಿಯಿರಿ.

ಲ್ಯಾಪ್‌ಟಾಪ್‌ನಿಂದ ಕೇಳುವಾಗ ಮಾತ್ರ ಊಂ ಎಂದರೆ ಚಾರ್ಜರ್ ಕಿತ್ತು ನೋಡಿ. ನಿಂತಿತೇ? ಹಾಗಾದರೆ ಚಾರ್ಜರ್‌ನ ಅರ್ತ್ ಮತ್ತು ಆಂಪ್ಲಿಫೈಯರ್‌ನ ಅರ್ತ್ ಸೇರಿ ಒಂದು ದೊಡ್ಡ ಬಳೆಯಾಗಿದೆ, ಆ ಬಳೆಯಲ್ಲಿ 50 ಹರ್ಟ್ಜ್ ಸುತ್ತುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹಳಷ್ಟು ಸಲ ಸಾಕಾಗುತ್ತದೆ. ಆಗದಿದ್ದರೆ ಕೇಳುವಷ್ಟು ಹೊತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರಲಿ, ಅಥವಾ ನಡುವೆ ಒಂದಕ್ಕೊಂದು ಪಟ್ಟಿನ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್‌ನ ದಪ್ಪ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ಹೋಗಬಹುದು. ಆದರೆ ಒಳಗೆ ಒಂದು ವೈರ್ ಕಳಚಿ ಡಬ್ಬಿಗೆ ತಾಗಿದ ದಿನ 230 ವೋಲ್ಟ್ ಬರುವುದು ನಿಮ್ಮ ಕಿವಿಯ ಮೇಲಿರುವ ಹೆಡ್‌ಫೋನ್‌ಗೆ. ಮೂರು ಪಿನ್ ಇರುವ ಲೋಹದ ಡಬ್ಬಿಗೆ ಅರ್ತ್ ಇರಲೇಬೇಕು. ನಮ್ಮ ಕಡೆ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಸರಿಯಾಗಿ ಕೆಲಸ ಮಾಡದೆ ಹೋಗುವುದುಂಟು. ಉಪ್ಪು, ಇದ್ದಿಲು ಹಾಕಿದ ಅರ್ತಿಂಗ್ ಗುಂಡಿಗೆ ಮಾರ್ಚ್ ತಿಂಗಳಿನಿಂದ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ.

ಸುಯ್ ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಲ್ಯೂಮ್ ಸೊನ್ನೆಗೆ ತಂದಾಗ ಹೋದರೆ ಅದು ಕ್ಯಾಸೆಟ್‌ನದು, ಅದರೊಂದಿಗೆ ಬಾಳಬೇಕು. ಹೋಗದಿದ್ದರೆ ನಿಮ್ಮ ಗೇನ್, ಅಂದರೆ ಸರ್ಕ್ಯೂಟ್ ಸದ್ದನ್ನು ಎಷ್ಟು ಪಟ್ಟು ಮಾಡುತ್ತದೆ ಎನ್ನುವುದು, ಜಾಸ್ತಿ. ಸಿ-ಮೊಯ್‌ನಲ್ಲಿ ಸಾಮಾನ್ಯವಾಗಿ 10 ಕಿಲೋ ಮತ್ತು 1 ಕಿಲೋ ಓಮ್ ಹಾಕಿ 11 ಪಟ್ಟು ಮಾಡಿರುತ್ತಾರೆ. ಇಂದಿನ 32 ಓಮ್ ಇಯರ್‌ಫೋನ್‌ಗೆ ಅಷ್ಟು ಬೇಡ. 1 ಕಿಲೋ ತೆಗೆದು 4.7 ಕಿಲೋ ಹಾಕಿ, 3 ಪಟ್ಟಿಗೆ ಇಳಿಯುತ್ತದೆ, ಸುಯ್ ಕೂಡ ಅದರ ಜೊತೆಗೇ ಇಳಿಯುತ್ತದೆ. ವಾಲ್ಯೂಮ್ 10 ಕಿಲೋದ್ದಿರಲಿ, 50 ಅಥವಾ 100 ಬೇಡ. ದೊಡ್ಡ ರೆಸಿಸ್ಟರ್ ತಾನಾಗಿಯೇ ಸದ್ದು ಹುಟ್ಟಿಸುತ್ತದೆ. ಏನೂ ಹಾಡದೆ ಸುಮ್ನೆ ಇದ್ದಾಗಲೂ ಐಸಿ ಬಿಸಿಯಾಗುತ್ತಿದ್ದರೆ ಅದು ಕಿವಿಗೆ ಕೇಳದ ಎತ್ತರದಲ್ಲಿ ಒದ್ದಾಡುತ್ತಿದೆ ಎಂದು ಅರ್ಥ. 104 ಎಂದು ಬರೆದಿರುವ ಸಣ್ಣ ಸಿರಾಮಿಕ್ ಕೆಪಾಸಿಟರನ್ನು 4 ಮತ್ತು 8ನೇ ಕಾಲಿನ ಬುಡದಿಂದಲೇ ಗ್ರೌಂಡಿಗೆ ಹಾಕಿ. ಒಂದು ಇಂಚು ದೂರ ಹಾಕಿದರೂ ಅದರ ಉಪಯೋಗ ಅರ್ಧ ಹೋಯಿತು.

ಕೊನೆಯದು ಚರಚರ. ಇದು ಕರಾವಳಿಯವರ ಪಾಡು. ಜೂನ್ ಎರಡನೇ ವಾರ ಕಾರವಾರದಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಗೋಡೆಯೇ ಬೆವರುತ್ತಿತ್ತು. ಎಡಗಿವಿಯಲ್ಲಿ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ. ಬೋರ್ಡ್ ಮಗುಚಿ ಭೂತಗನ್ನಡಿ ಹಿಡಿದೆ. ಬೆಸುಗೆಗಳ ನಡುವೆ ಕಂದು ಬಣ್ಣದ ಪೇಸ್ಟ್ ಹಾಗೇ ಉಳಿದಿತ್ತು, ಮುಟ್ಟಿದರೆ ಅಂಟು ಅಂಟು. 3ನೇ ಕಾಲಿನ ಪಕ್ಕದಲ್ಲಿ ತಾಮ್ರದ ಮೇಲೆ ಸಾಸಿವೆಯಷ್ಟು ಹಸಿರು ಕಿಲುಬು. ಆ ಪೇಸ್ಟ್ ಉಪ್ಪುಗಾಳಿಯ ತೇವ ಕುಡಿದು, 3 ಮತ್ತು 4ನೇ ಕಾಲಿನ ನಡುವೆ ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಒಂದು ಕಡೆ ಇನ್‌ಪುಟ್, ಇನ್ನೊಂದು ಕಡೆ ಮೈನಸ್ 12 ವೋಲ್ಟ್. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಮೂರು ಸಲ ತಿಕ್ಕಿ, ಪ್ರತಿ ಸಲ ಬಿಳಿ ಹತ್ತಿಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಮಾಡಬೇಕು. ಪೂರ್ತಿ ಒಣಗಿದ ಮೇಲೆ ಪಿಸಿಬಿ ವಾರ್ನಿಷ್ ತೆಳ್ಳಗೆ ಹಚ್ಚಿದೆ, ಐಸಿ ಬೇಸ್, ಜಾಕ್ ಮತ್ತು ವಾಲ್ಯೂಮ್ ಬಿಟ್ಟು. ಜಾಕ್‌ಗೆ ಮತ್ತು ವಾಲ್ಯೂಮ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಸಾಕು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಎಣ್ಣೆ ಉಳಿದು ಧೂಳು ಹಿಡಿಯುತ್ತದೆ. ಡಬ್ಬಿಯ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದು ಇರಲಿ. ನಾನು ಚೌತಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಬದಲಿಸುತ್ತೇನೆ.

ಸರಿಹೋದ ದಿನದ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಸದ್ದು ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನನ್ನ ಚೀಟಿಯಲ್ಲಿ ಹೀಗಿದೆ: ಪ್ಲಸ್ 12.02, ಮೈನಸ್ 11.96. ಡಿಸಿ ಎಡ 3, ಬಲ 2 ಮಿಲಿವೋಲ್ಟ್. ಶಾರ್ಟ್ ಪ್ಲಗ್ ಹಾಕಿ ವಾಲ್ಯೂಮ್ ಪೂರ್ತಿ ಏರಿಸಿದಾಗ: ಎರಡೂ ಕಿವಿ ಮೌನ. ಅದರ ಕೆಳಗೆ ಅಪ್ಪಯ್ಯ ತಮ್ಮ ಕೈಬರಹದಲ್ಲಿ ಸೇರಿಸಿದ್ದು: ಭಾಗವತರ ಉಸಿರು ಕೇಳ್ತು.